ಗಾಡಿ, ಗಡಿ ಮತ್ತು ಒಂಟಿ ಸವಾರ

ಕಲಬುರಗಿಯ ಕಡೆ ಮೋಟಾರ್‌ಸೈಕಲ್ಲನ್ನು ಜನ ಗಾಡಿ ಎನ್ನುತ್ತಾರೆ. ಕನ್ನಡ ಮನೆಯಲ್ಲೂ ಅದೇ ಮಾತು, ದಖನಿ ಮನೆಯಲ್ಲೂ ಅದೇ ಮಾತು. ಈ ಗಾಡಿಯ ಮೇಲೆ ಒಬ್ಬರೇ ಕುಳಿತು ದೇಶದ ಗಡಿ ದಾಟಿ ಹೋಗಿ ಬಂದವರ ಸುದ್ದಿ ಕಳೆದ ಹತ್ತು ಹದಿನೈದು ವರ್ಷಗಳಿಂದ ನಮ್ಮ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿದೆ. ಹುಬ್ಬಳ್ಳಿ ಮೂಲದ ಕ್ಯಾಂಡಿಡಾ ಲೂಯಿಸ್ 2018ರಲ್ಲಿ ಬೆಂಗಳೂರಿನಿಂದ ಒಬ್ಬರೇ ಹೊರಟು ಆಸ್ಟ್ರೇಲಿಯಾದ ಸಿಡ್ನಿಯವರೆಗೆ ಹೋದರು. ಕಾಸರಗೋಡಿನ ಕುಂಬಳೆಯ ಅಮೃತಾ ಜೋಶಿ 2022ರಲ್ಲಿ ಭಾರತ ಸುತ್ತಿ ನೆರೆಯ ದೇಶಗಳವರೆಗೂ ಗಾಡಿ ಓಡಿಸಿದರು. ಇವರ ಧೈರ್ಯದ ಬಗ್ಗೆ ನಮಗೆ ಎರಡು ಮಾತಿಲ್ಲ. ಇಲ್ಲಿ ನಾವು ಪರಿಶೀಲಿಸಬಯಸುವುದು ಸವಾರರನ್ನಲ್ಲ, ಅವರ ಕುರಿತು ಕಟ್ಟಲಾಗುವ ಕಥನವನ್ನು.

ಈ ಕಥನಕ್ಕೆ ಈಗಾಗಲೇ ಒಂದು ಅಚ್ಚು ಸಿದ್ಧವಾಗಿದೆ. ಎಷ್ಟು ದೇಶ, ಎಷ್ಟು ದಿನ, ಎಷ್ಟು ಸಾವಿರ ಕಿಲೋಮೀಟರ್, ಗಾಡಿ ಎಷ್ಟು ಸಿ.ಸಿ.ಯದು ಎಂಬುದು ಮೊದಲು ಬರುತ್ತದೆ. ಆಮೇಲೆ ಮಳೆ, ಹಿಮ, ಕಾಡು. ಕೊನೆಗೆ ಕನಸಿದ್ದರೆ ಸಾಧಿಸಬಹುದು ಎಂಬ ಉಪದೇಶ. ಹಾರ ಹಾಕಿಸಿಕೊಂಡ ಸವಾರ, ಪಕ್ಕದಲ್ಲಿ ಗಾಡಿ ಇರುವ ಚಿತ್ರ. ಇದನ್ನು ಓದಿ ಮುಗಿಸಿದಾಗ ದಾರಿಯಲ್ಲಿ ಸಿಕ್ಕ ಒಬ್ಬ ಮನುಷ್ಯನ ಮುಖವಾದರೂ ನಮ್ಮ ನೆನಪಿನಲ್ಲಿ ಉಳಿಯುವುದಿಲ್ಲ. ದೇಶಗಳು ಸವಾರನ ಚಕ್ರದಡಿ ಹಾಯ್ದುಹೋಗುವ ಡಾಂಬರಾಗಿಬಿಡುತ್ತವೆ. ಕಿಲೋಮೀಟರ್ ಒಂದು ಅಳತೆ, ಅದು ಅನುಭವವಲ್ಲ. ಅಳತೆಯೇ ಅನುಭವದ ಜಾಗದಲ್ಲಿ ಕುಳಿತಾಗ ಪ್ರವಾಸ ಕಥನ ಲೆಕ್ಕಪತ್ರವಾಗುತ್ತದೆ.

ಈ ಅಚ್ಚಿನ ನಡುವೆ ಇರುವ ಶಬ್ದ 'ಒಂಟಿ'. ಒಂಟಿ ಪಯಣ, ಏಕಾಂಗಿ ಸಾಹಸ. ಈ ಶಬ್ದವನ್ನು ನಾವು ಸಂಶಯದಿಂದ ನೋಡಬೇಕಾಗಿದೆ. ಏಕೆಂದರೆ ಒಬ್ಬ ಮನುಷ್ಯ ಗಾಡಿಯ ಮೇಲೆ ಪರದೇಶಕ್ಕೆ ಹೋಗಿ ಜೀವಸಹಿತ ಮರಳಿದ್ದಾನೆ ಎಂದರೆ ನೂರಾರು ಜನ ಅವನಿಗೆ ನೀರು, ನೆರಳು, ದಾರಿ, ಪಂಕ್ಚರ್, ಒಂದು ರಾತ್ರಿಯ ಚಾಪೆ ಕೊಟ್ಟಿದ್ದಾರೆ ಎಂದೇ ಅರ್ಥ. ಒಂಟಿ ಎಂಬ ಶಬ್ದ ಈ ನೂರಾರು ಜನರನ್ನು ಒಂದೇ ಏಟಿಗೆ ಅಳಿಸಿಹಾಕುತ್ತದೆ.

ನಮ್ಮ ಪರಂಪರೆಗಳು ಒಂಟಿ ಪಯಣವನ್ನು ಹೀಗೆ ವೈಭವೀಕರಿಸಲಿಲ್ಲ. ಒಂಟಿಯಾಗಿ ಹೋಗುವುದರ ಬಗ್ಗೆ ತಮಗೆ ಗೊತ್ತಿರುವುದು ಜನರಿಗೆ ಗೊತ್ತಿದ್ದರೆ ಯಾವ ಸವಾರನೂ ರಾತ್ರಿ ಒಬ್ಬನೇ ಹೊರಡಲಾರ ಎಂಬ ಅರ್ಥದ ಪ್ರವಾದಿವರ್ಯರ(ಸ) ಮಾತೊಂದು ಬುಖಾರಿ ಸಂಗ್ರಹದಲ್ಲಿದೆ. ಕುರ್‌ಆನಿನ ತೌಬಾ ಅಧ್ಯಾಯದ 60ನೆಯ ಸೂಕ್ತದಲ್ಲಿ ಝಕಾತಿಗೆ ಹಕ್ಕುದಾರರಾದ ಎಂಟು ವರ್ಗಗಳನ್ನು ಹೇಳಲಾಗಿದೆ. ಅದರಲ್ಲಿ ಕೊನೆಯವನು 'ಇಬ್ನುಸ್ಸಬೀಲ್', ಅಂದರೆ ದಾರಿಯ ಮಗ. ಊರಿನಲ್ಲಿ ಅವನು ಸಿರಿವಂತನೇ ಇರಬಹುದು. ದಾರಿಯಲ್ಲಿ ಕೈ ಬರಿದಾದರೆ ನೆಲೆ ನಿಂತವರ ಸಂಪತ್ತಿನಲ್ಲಿ ಅವನಿಗೆ ಪಾಲಿದೆ. ನಮಾಝಿನಲ್ಲಿ, ಉಪವಾಸದಲ್ಲಿ ಮುಸಾಫಿರನಿಗೆ ರಿಯಾಯಿತಿ ಇದೆ. ಪಯಣಿಗನೆಂದರೆ ವೀರನಲ್ಲ, ಇತರರ ಕರುಣೆಗೆ ಅರ್ಹನಾದ ದುರ್ಬಲ ಎಂಬ ತಿಳಿವು ಇದರ ಹಿಂದಿದೆ.

ಕಲಬುರಗಿಗೆ ಇದು ಹೊಸ ಮಾತಲ್ಲ. ಖ್ವಾಜಾ ಬಂದೇ ನವಾಝರು ತೈಮೂರನ ದಾಳಿಯ ಕಾಲದಲ್ಲಿ, 1398ರ ಹೊತ್ತಿಗೆ, ಇಳಿವಯಸ್ಸಿನಲ್ಲಿ ದೆಹಲಿ ಬಿಟ್ಟು ಹಲವು ಊರುಗಳನ್ನು ಹಾದು ಫಿರೋಝ್ ಶಾಹ ಬಹಮನಿಯ ಕಾಲಕ್ಕೆ ಇಲ್ಲಿಗೆ ಬಂದವರು. ಈ ಊರಿನ ಅತಿ ದೊಡ್ಡ ಹೆಸರೇ ಒಬ್ಬ ಮುಸಾಫಿರನದು. ಅದೇ ಊರಿನಲ್ಲಿ ಶರಣಬಸವೇಶ್ವರರು ಬಂದವರಿಗೆಲ್ಲ ಅನ್ನವಿಕ್ಕಿ ದಾಸೋಹಕ್ಕೆ ಹೆಸರಾದರು. ಜಂಗಮ ಎಂದರೆ ಚಲಿಸುವವನು; ಅವನ ಚಲನೆ ಸಾಧ್ಯವಾಗುವುದು ದಾಸೋಹಿ ಒಂದು ಕಡೆ ನಿಂತು ಒಲೆ ಹಚ್ಚಿದ್ದರಿಂದ. ದರ್ಗಾದ ಲಂಗರ್, ಮಠದ ದಾಸೋಹ ಎರಡೂ ನಡೆಯುವವನ ಮತ್ತು ನಿಂತವನ ಈ ಒಪ್ಪಂದದ ಮೇಲೆ ಬೆಳೆದವು. ಹೊಸ ಗಾಡಿಕಥನದಲ್ಲಿ ಚಲಿಸುವವನಷ್ಟೇ ಇದ್ದಾನೆ. ನಿಂತವನು ಮಾಯವಾಗಿದ್ದಾನೆ.

ಹಳೆಯ ದೊಡ್ಡ ಪಯಣಿಗರು ಈ ಋಣವನ್ನು ಮರೆತಿರಲಿಲ್ಲ. ಇಬ್ನ್ ಬತೂತ 1325ರಲ್ಲಿ ಇಪ್ಪತ್ತೊಂದರ ಪ್ರಾಯದಲ್ಲಿ ತಾಂಜಿಯರ್‌ನಿಂದ ಒಬ್ಬನೇ ಹೊರಟವನು. ಆದರೆ ತನ್ನ ರಿಹ್ಲಾದ ಆರಂಭದಲ್ಲೇ ಅವನು ತನ್ನ ಅಳುವನ್ನು ದಾಖಲಿಸುತ್ತಾನೆ. ತಂಡ ಟ್ಯೂನಿಸ್ ಪಟ್ಟಣ ತಲುಪಿದಾಗ ಊರ ಜನ ಬಂದು ಎಲ್ಲರಿಗೂ ಸಲಾಂ ಹೇಳುತ್ತಾರೆ, ಗುರುತಿಲ್ಲದ ಈ ಹುಡುಗನನ್ನು ಮಾತ್ರ ಯಾರೂ ಮಾತಾಡಿಸುವುದಿಲ್ಲ. ಅವನಿಗೆ ಕಣ್ಣೀರು ತಡೆಯಲಾಗುವುದಿಲ್ಲ. ಅದನ್ನು ಕಂಡ ಯಾತ್ರಿಕನೊಬ್ಬ ಹತ್ತಿರ ಬಂದು ಸಮಾಧಾನ ಹೇಳುತ್ತಾನೆ. ಮುಂದೆ ಸುಲ್ತಾನರ ದರ್ಬಾರುಗಳನ್ನು ಕಂಡವನು ಈ ಪುಟ್ಟ ಪ್ರಸಂಗವನ್ನು ಬಿಡಲಿಲ್ಲ. ಅವನೇ ನಮ್ಮ ಕರಾವಳಿಯ ಹೊನ್ನಾವರಕ್ಕೆ ಬಂದಾಗ ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆ ಎಂದು ಬರೆದ. ಅವನ ಪುಸ್ತಕದಲ್ಲೂ ಅಂಕಿಗಳಿವೆ. ಆದರೆ ಅವು ಕಂಡ ಊರಿನ ಅಂಕಿಗಳು, ತಾನು ಕ್ರಮಿಸಿದ ದೂರದವಲ್ಲ.

ನಮ್ಮ ಜಿಲ್ಲೆಗೇ ಸಂಬಂಧಪಟ್ಟ ಇನ್ನೊಬ್ಬನಿದ್ದಾನೆ. ರಷ್ಯಾದ ತ್ವೆರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್. ಹದಿನೈದನೆಯ ಶತಮಾನದ ಅರವತ್ತರ ದಶಕದಲ್ಲಿ ಊರು ಬಿಟ್ಟು, ವೋಲ್ಗಾ ನದಿಯ ಮೇಲೆ ದರೋಡೆಗೊಳಗಾಗಿ, ಪರ್ಶಿಯಾ ದಾಟಿ, ಹೊರ್ಮುಝ್‌ನಲ್ಲಿ ಹಡಗು ಹತ್ತಿ ಬಹಮನಿ ರಾಜ್ಯಕ್ಕೆ ಬಂದ. ಮಾರುವುದಕ್ಕೆಂದು ಅವನ ಜೊತೆ ಇದ್ದದ್ದು ಒಂದೇ ಒಂದು ಕುದುರೆ. ಜುನ್ನರ್‌ನ ಖಾನನೊಬ್ಬ ಆ ಕುದುರೆಯನ್ನು ಕಸಿದುಕೊಂಡು, ಮತಾಂತರವಾದರೆ ಮಾತ್ರ ಕೊಡುತ್ತೇನೆ ಎಂದ. ಖುರಾಸಾನದ ಒಬ್ಬ ಮುಸ್ಲಿಂ ಗಣ್ಯ ಮಧ್ಯೆ ಬಂದು ಅವನ ಕುದುರೆಯನ್ನೂ ಧರ್ಮವನ್ನೂ ಉಳಿಸಿಕೊಟ್ಟ. ನಿಕಿತಿನ್ ಇಬ್ಬರನ್ನೂ ಬರೆದಿದ್ದಾನೆ. ಕಸಿದವನೂ ಮುಸ್ಲಿಮ, ಬಿಡಿಸಿಕೊಟ್ಟವನೂ ಮುಸ್ಲಿಮ. ಇವತ್ತಿನ ಕಥನಕಾರನ ಕೈಗೆ ಈ ಪ್ರಸಂಗ ಸಿಕ್ಕಿದ್ದರೆ ಇಬ್ಬರಲ್ಲಿ ಯಾರು ಉಳಿಯುತ್ತಿದ್ದರು ಎಂಬುದು ನಮ್ಮ ಅನುಮಾನ.

ಬೀದರಿನಲ್ಲಿದ್ದಾಗ ತನ್ನ ಧರ್ಮಗ್ರಂಥಗಳನ್ನು ಕಳೆದುಕೊಂಡಿದ್ದ ನಿಕಿತಿನ್‌ಗೆ ಹಬ್ಬ, ಉಪವಾಸಗಳ ಲೆಕ್ಕ ತಪ್ಪಿತು. ಅವನು ಮುಸ್ಲಿಮರ ಜೊತೆಗೇ ಉಪವಾಸ ಹಿಡಿದ. ಆಳಂದದಲ್ಲಿ ಸೂಫಿಯೊಬ್ಬರ ಹೆಸರಿನಲ್ಲಿ ನಡೆಯುತ್ತಿದ್ದ ಹತ್ತು ದಿನಗಳ ಜಾತ್ರೆಗೆ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂದು ಬರೆದ. ಮರಳುವಾಗ ಕಲಬುರಗಿ, ಆಳಂದಗಳನ್ನು ಹಾದು ದಾಭೋಳ ಬಂದರಿಗೆ ಹೋದ. ತ್ವೆರ್ ತಲುಪುವ ಮುನ್ನವೇ ದಾರಿಯಲ್ಲಿ ತೀರಿಕೊಂಡ. ಅವನ ಬರಹ ಮುಗಿಯುವುದು ರಷ್ಯನ್ ಭಾಷೆಯಲ್ಲಲ್ಲ. ಅರಬಿ, ತುರ್ಕಿ, ಪಾರ್ಸಿ ಶಬ್ದಗಳು ಬೆರೆತ ಒಂದು ಪ್ರಾರ್ಥನೆಯಲ್ಲಿ. ಗಡಿ ದಾಟಿದವನ ನಾಲಗೆಯೇ ಬದಲಾಗಿತ್ತು. 1957ರಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸರು ಸೋವಿಯತ್ ನಿರ್ದೇಶಕನೊಬ್ಬನ ಜೊತೆ ಸೇರಿ 'ಪರ್‌ದೇಸಿ' ಎಂಬ ಚಿತ್ರ ಮಾಡಿದ್ದು ಇವನ ಕಥೆಯ ಮೇಲೆಯೇ. ಒಬ್ಬ ಮನುಷ್ಯ, ಒಂದು ಸವಾರಿ, ಹಲವು ಗಡಿ ಎಂಬ ಇಂದಿನ ಸಾಮಗ್ರಿಯೇ ಅವನಲ್ಲೂ ಇದೆ. ಅವನ ಬರಹ ಐದು ನೂರು ವರ್ಷ ಬಾಳಿರುವುದು ಅವನು ಎಷ್ಟು ದೂರ ಬಂದ ಎಂಬುದರಿಂದಲ್ಲ, ದೂರ ಅವನನ್ನು ಏನು ಮಾಡಿತು ಎಂದು ಬರೆದದ್ದರಿಂದ.

ಕುದುರೆಯ ಕಾಲಕ್ಕೂ ಎಂಜಿನ್ನಿನ ಕಾಲಕ್ಕೂ ಹೋಲಿಕೆ ಸಲ್ಲದು ಎನ್ನುವವರಿದ್ದಾರೆ. ಹಾಗಿದ್ದರೆ ಮೋಟಾರ್‌ಸೈಕಲ್ ಪುಸ್ತಕಗಳನ್ನೇ ನೋಡೋಣ. 1952ರಲ್ಲಿ ಚೆ ಗುವಾರ ತನ್ನ ಗೆಳೆಯ ಆಲ್ಬರ್ಟೊ ಗ್ರನಾದೊ ಜೊತೆ ಹಳೆಯ ನಾರ್ಟನ್ ಗಾಡಿಯ ಮೇಲೆ ದಕ್ಷಿಣ ಅಮೆರಿಕ ಸುತ್ತಲು ಹೊರಟ. ಗಾಡಿ ಚಿಲಿ ದೇಶದಲ್ಲೇ ಕೆಟ್ಟು ನಿಂತಿತು. ಅಲ್ಲಿಂದ ಮುಂದೆ ಲಾರಿಯ ಮೇಲೆ, ಕಾಲ್ನಡಿಗೆಯಲ್ಲಿ ಹೋಗಬೇಕಾಯಿತು. ಆಗಲೇ ಅವನಿಗೆ ಚಳಿಯಲ್ಲಿ ನಡುಗುವ ಗಣಿ ಕಾರ್ಮಿಕ ದಂಪತಿ ಕಂಡರು, ಪೆರುವಿನ ಕುಷ್ಠರೋಗಿಗಳ ಕಾಲೊನಿ ಕಂಡಿತು. ಗಾಡಿ ಓಡುತ್ತಿರುವವರೆಗೆ ಆ ಪುಸ್ತಕ ಇಬ್ಬರು ಹುಡುಗರ ಹುಡುಗಾಟ. ಗಾಡಿ ನಿಂತ ಮೇಲೆ ಅದು ಒಂದು ಖಂಡದ ಕಥೆ.

ಬ್ರಿಟನ್ನಿನ ಟೆಡ್ ಸೈಮನ್ 1973ರಿಂದ ನಾಲ್ಕು ವರ್ಷ ಒಬ್ಬನೇ ಟ್ರಯಂಫ್ ಗಾಡಿಯ ಮೇಲೆ 45 ದೇಶ ಸುತ್ತಿದ. ಹೆಚ್ಚುಕಡಿಮೆ ಒಂದು ಲಕ್ಷ ಕಿಲೋಮೀಟರ್. ಭಾರತಕ್ಕೂ ಬಂದಿದ್ದ. 1979ರಲ್ಲಿ ಬಂದ ಅವನ 'ಜುಪಿಟರ್ಸ್ ಟ್ರಾವೆಲ್ಸ್' ಈ ಬಗೆಯ ಬರಹಗಳಿಗೆ ಮಾದರಿಯಾಯಿತು. ಅದರ ಮುಖ್ಯ ಭಾಗಗಳು ಗಾಡಿ ಓಡಿದ್ದಲ್ಲ, ನಿಂತದ್ದು. ಬ್ರೆಜಿಲ್‌ನಲ್ಲಿ ಗೂಢಚಾರನೆಂಬ ಅನುಮಾನದಿಂದ ಅವನನ್ನು ಬಂಧಿಸಿಟ್ಟ ದಿನಗಳ ಪುಟಗಳಲ್ಲಿ ಒಂದು ಕಿಲೋಮೀಟರೂ ಇಲ್ಲ. ಆದರೆ ಪುಸ್ತಕದ ಆಳ ಇರುವುದು ಅಲ್ಲೇ.

ಹಾಗೆ ನೋಡಿದರೆ ಮೋಟಾರ್‌ಸೈಕಲ್ ಒಳ್ಳೆಯ ಪ್ರವಾಸ ಬರಹಕ್ಕೆ ಹೇಳಿಮಾಡಿಸಿದ ವಾಹನ. ಕಾರಿನವನಿಗೆ ಗಾಜಿದೆ, ವಿಮಾನದವನಿಗೆ ಮೋಡವಿದೆ. ಗಾಡಿಯವನಿಗೆ ಮೈಯೊಂದೇ. ಬಿಸಿಲು ಬಡಿದರೆ ಅವನಿಗೇ ಬಡಿಯುತ್ತದೆ. ದಾರಿ ತಪ್ಪಿದರೆ ನಿಂತು ಕೇಳಬೇಕು. ಕಲಬುರಗಿಯಿಂದ ಹುಮನಾಬಾದಿನ ಕಡೆ ಹೊರಟವರು ಕಮಲಾಪುರದಲ್ಲಿ ಗಾಡಿ ನಿಲ್ಲಿಸುವುದನ್ನು ನಾವು ನೋಡುತ್ತಲೇ ಇರುತ್ತೇವೆ. ಅಲ್ಲಿಯ ಕೆಂಪು ಬಾಳೆ ಹೆಸರಾದದ್ದು. ಗೊನೆ ಇಟ್ಟುಕೊಂಡು ಕೂತವರು ಮೊದಲು ಕೇಳುವ ಪ್ರಶ್ನೆ 'ಯಾವೂರಿಂದ ಬಂದ್ರಿ?' ಎಂಬುದು. ಎರಡನೆಯದು 'ಒಬ್ರೇ ಬಂದೀರೇನು?' ಎಂಬುದು. ಎರಡನೆಯ ಪ್ರಶ್ನೆಯಲ್ಲಿ ಮೆಚ್ಚುಗೆಗಿಂತ ಮರುಕವೇ ಹೆಚ್ಚು. ಚಹಾದ ಅಂಗಡಿಯ ಆಚೆಗೆ ಟೈರು ತೂಗುಹಾಕಿದ ಪಂಕ್ಚರಿನ ಅಂಗಡಿ, ಅಲ್ಲೊಬ್ಬ ಉಸ್ತಾದ್. ಜಗತ್ತು ಸುತ್ತಿದ ಯಾವ ಗಾಡಿಯೂ ಇಂಥ ನೂರು ಉಸ್ತಾದರ ಕೈ ದಾಟದೆ ಹೋಗಿಲ್ಲ. ಆದರೆ ಕಥನದಲ್ಲಿ ಅವರ ಸ್ಥಾನ 'ಸ್ಥಳೀಯರ ನೆರವಿನಿಂದ' ಎಂಬ ಎರಡು ಪದ. ಒಬ್ಬ ಮನುಷ್ಯನ ಅರ್ಧ ದಿನದ ದುಡಿಮೆಯನ್ನು ಎರಡು ಪದಕ್ಕೆ ಇಳಿಸುವ ಗದ್ಯವನ್ನು ನಾವು ಒಳ್ಳೆಯ ಗದ್ಯ ಎನ್ನಲಾರೆವು.

ಇನ್ನು ಗಡಿಯ ಮಾತು. ಕಲಬುರಗಿಯವರಿಗೆ ಗಡಿ ಪುಸ್ತಕದ ವಿಷಯವಲ್ಲ. 1948ರವರೆಗೆ ಈ ಊರು ನಿಝಾಮರ ಹೈದರಾಬಾದಿನಲ್ಲಿತ್ತು. ಸಂಸ್ಥಾನಕ್ಕೆ ತನ್ನದೇ ನಾಣ್ಯ, ತನ್ನದೇ ಅಂಚೆ, 'ಕರೋಡಗಿರಿ' ಎಂಬ ತನ್ನದೇ ಸುಂಕದ ಇಲಾಖೆ ಇದ್ದವು. ಇಂದು ಒಂದು ಬೆಳಗಿನಲ್ಲಿ ಮುಟ್ಟಬಹುದಾದ ಸೊಲ್ಲಾಪುರ ಆಗ ಗಡಿಯಾಚೆಯ ಬ್ರಿಟಿಷ್ ಇಂಡಿಯಾ. ಒಂದು ಕಾಲದ ಗಡಿ ಇನ್ನೊಂದು ಕಾಲಕ್ಕೆ ಬರೀ ಹೊಲ. ಗಡಿ ನಿಸರ್ಗವಲ್ಲ, ಪ್ರಭುತ್ವದ ಬರಹ ಎಂಬುದಕ್ಕೆ ನಮ್ಮ ಅಜ್ಜಂದಿರ ನೆನಪೇ ಸಾಕ್ಷಿ.

ಈ ಬರಹವನ್ನು ಹೇಗೆ ದಾಟಿದೆ ಎಂಬುದನ್ನು ಸವಾರ ವಿವರವಾಗಿ ಹೇಳಬೇಕು. ನೇಪಾಳ, ಭೂತಾನಗಳ ಆಚೆಗೆ ಹೋಗುವ ಸವಾರನಿಗೆ ಪಾಸ್‌ಪೋರ್ಟು, ವೀಸಾ ಇದ್ದರೆ ಸಾಲದು. ಅನೇಕ ದೇಶಗಳಲ್ಲಿ ಗಾಡಿಗೂ 'ಕಾರ್ನೆ' ಎಂಬ ಪುಸ್ತಕ ಬೇಕು. ಗಾಡಿಯನ್ನು ಅಲ್ಲಿ ಮಾರದೆ ಮರಳಿ ತರುತ್ತೇನೆ ಎಂಬುದಕ್ಕೆ ಅದು ಜಾಮೀನು. ಗಾಡಿಯ ಬೆಲೆಯನ್ನು ನೋಡಿ ದೊಡ್ಡ ಮೊತ್ತವನ್ನು ಠೇವಣಿ ಇಡಬೇಕು. ಗಾಡಿ ಹೊರಗೆ ಬಂದ ಮುದ್ರೆ ಬೀಳದಿದ್ದರೆ ಆ ಹಣ ಹೋಯಿತು. ಅಂದರೆ ಕನಸಿಗಿಂತ ಮೊದಲು ಠೇವಣಿ ಬೇಕು. ಆಸ್ಟ್ರೇಲಿಯಾದ ಕ್ವಾರಂಟೈನ್ ನಿಯಮ ಇನ್ನೂ ವಿಚಿತ್ರ. ಹೊರಗಿನ ಗಾಡಿಯ ಚಕ್ರ, ಚೈನುಗಳಲ್ಲಿ ಮಣ್ಣಿನ ಕಣವಾಗಲಿ ಬೀಜವಾಗಲಿ ಇರಕೂಡದು, ಪೂರಾ ತೊಳೆದಿರಬೇಕು. ಹತ್ತು ದೇಶದ ಧೂಳು ಹೊತ್ತು ಬಂದ ಗಾಡಿ ಆ ಧೂಳನ್ನು ತೊಳೆದುಕೊಂಡೇ ಒಳಗೆ ಹೋಗಬೇಕು. ಒಬ್ಬ ಕಥೆಗಾರನಿಗೆ ಇಷ್ಟು ಸಾಕು. ನಮ್ಮ ಸಾಧನೆಯ ವರದಿಗಳಲ್ಲಿ ಇಂಥದ್ದು ಬರುವುದೇ ಅಪರೂಪ.

ಭಾರತದಿಂದ ನೆಲದ ದಾರಿಯಲ್ಲಿ ಹೋಗುವವನಿಗೆ ಪಶ್ಚಿಮ ದಿಕ್ಕು ಸದಾ ತೂಗುಯ್ಯಾಲೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನ ಹತ್ಯಾಕಾಂಡದ ಬಳಿಕ ಅಟಾರಿಯ ತಪಾಸಣಾ ಠಾಣೆಯನ್ನು ಮುಚ್ಚಲಾಯಿತು. ಪೂರ್ವದಲ್ಲಿ 2021ರ ಸೇನಾ ದಂಗೆಯ ನಂತರ ಮ್ಯಾನ್ಮಾರ್ ದಾರಿ ಕಷ್ಟದ್ದಾಯಿತು. ಕೇರಳದ ಮಲಪ್ಪುರಂ ಜಿಲ್ಲೆಯ ಶಿಹಾಬ್ ಚೋಟ್ಟೂರ್ 2022ರ ಜೂನ್‌ನಲ್ಲಿ ಹಜ್ಜಿಗೆಂದು ಕಾಲ್ನಡಿಗೆಯಲ್ಲಿ ಹೊರಟಾಗ ಮಂಗಳೂರಿನ ದಾರಿಯಲ್ಲೂ ಜನ ಕಿಕ್ಕಿರಿದಿದ್ದರು. ಆದರೆ ಅಟಾರಿಯ ಬಳಿ ಅವರು ಪಾಕಿಸ್ತಾನದ ವೀಸಾಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಗಾಡಿಯೂ ಇಲ್ಲ, ಕಾರ್ನೆಯೂ ಬೇಡ. ಆದರೂ ಗಡಿ ಗಡಿಯೇ. ಒಂದು ಧರ್ಮದ ಹೆಸರಿನಲ್ಲಿ ಹುಟ್ಟಿದ ದೇಶ ಅದೇ ಧರ್ಮದ ಯಾತ್ರಿಕನನ್ನು ಬಾಗಿಲಲ್ಲಿ ಕಾಯಿಸಿತು ಎಂಬುದನ್ನು ನಾವು ಮರೆಯಬಾರದು.

ಗಡಿ ಎಲ್ಲರ ಮೇಲೂ ಒಂದೇ ಭಾರ ಹಾಕುವುದಿಲ್ಲ. 2009ರಲ್ಲಿ ಅಮೆರಿಕದ ನ್ಯೂಆರ್ಕ್ ವಿಮಾನ ನಿಲ್ದಾಣದಲ್ಲಿ ಶಾರುಖ್ ಖಾನರನ್ನೇ ತಡೆದು ವಿಚಾರಿಸಿದ್ದರು. ಸಾಮಾನ್ಯ ಖಾನ್, ಪಟೇಲ್, ಸಯ್ಯದರ ಪಾಡು ಊಹಿಸಬಹುದು. ಹೆಸರು, ಚರ್ಮದ ಬಣ್ಣ, ಪಾಸ್‌ಪೋರ್ಟಿನ ದೇಶ ಇವು ಸವಾರನಿಗಿಂತ ಮೊದಲೇ ಗಡಿಯ ಕಿಟಕಿಯನ್ನು ತಲುಪಿರುತ್ತವೆ. 'ಹೊರಡುವ ಮನಸ್ಸೊಂದಿದ್ದರೆ ಸಾಕು' ಎಂಬ ಉಪದೇಶ ಈ ಕಾರಣಕ್ಕೇ ನಮಗೆ ಪೊಳ್ಳಾಗಿ ಕೇಳುತ್ತದೆ.

ಹೆಣ್ಣು ಸವಾರಿಣಿಯರ ವಿಷಯದಲ್ಲಿ ಭಾರ ಇನ್ನೂ ಬೇರೆ. ಇಂಗ್ಲೆಂಡಿನ ಎಲ್ಸ್‌ಪೆತ್ ಬಿಯರ್ಡ್ 1982ರಿಂದ 84ರವರೆಗೆ ಒಬ್ಬಳೇ ಬಿ.ಎಂ.ಡಬ್ಲ್ಯು. ಗಾಡಿಯ ಮೇಲೆ ಭೂಮಿ ಸುತ್ತಿದಳು. ಅವಳ ಪುಸ್ತಕ ಬಂದದ್ದು 2017ರಲ್ಲಿ. ಅವಳ ಮಾತಿಗೆ ಓದುಗರು ಸಿಗಲು ಮೂರು ದಶಕ ಬೇಕಾಯಿತು. ಕ್ಯಾಂಡಿಡಾ ಲೂಯಿಸ್ ಸಿಡ್ನಿಯ ದಾರಿ ಹಿಡಿದ 2018ರಲ್ಲೇ, ಜೂನ್ ತಿಂಗಳಲ್ಲಿ, ಸೌದಿ ಅರೇಬಿಯಾದ ಹೆಣ್ಣುಮಕ್ಕಳಿಗೆ ವಾಹನ ಓಡಿಸುವ ಅನುಮತಿ ಸಿಕ್ಕಿತು. ಅದೇ ವರ್ಷ ನಮ್ಮ ದೇಶದಿಂದ ನಲವತ್ತೈದು ದಾಟಿದ ಮಹಿಳೆಯರು ಮಹ್ರಮ್ ಇಲ್ಲದೆ ಗುಂಪಾಗಿ ಹಜ್ಜಿಗೆ ಹೋಗುವ ವ್ಯವಸ್ಥೆ ಬಂತು. ಗಾಡಿ ಓಡಿಸಿದವಳ ಧೈರ್ಯವನ್ನು ಹೊಗಳುವ ನಾವು, ಮೊದಲ ಬಾರಿಗೆ ಗಂಡಸಿನ ನೆರಳಿಲ್ಲದೆ ವಿಮಾನ ಹತ್ತಿದ ಆ ವಯಸ್ಸಾದ ತಾಯಂದಿರ ಸಫರ್‌ನಾಮಾ ಕೇಳಬೇಕೆಂದು ಎಣಿಸಲೇ ಇಲ್ಲ.

ಇಲ್ಲಿಗೆ ನಮ್ಮ ಮುಖ್ಯ ಆಕ್ಷೇಪಕ್ಕೆ ಬರುತ್ತೇವೆ. ಯಾರ ಪಯಣವನ್ನು ನಾವು ಪಯಣ ಎನ್ನುತ್ತೇವೆ? ಕಲಬುರಗಿಯ ಮೊಹಲ್ಲಾಗಳಿಂದ, ಸುತ್ತಲ ತಾಲೂಕುಗಳಿಂದ ಗಲ್ಫ್ ದೇಶಗಳಿಗೆ ದುಡಿಯಲು ಹೋದವರೂ ಒಂಟಿಯಾಗಿಯೇ ಹೋದವರು. ಏಜೆಂಟನಿಗೆ ಕೊಡಲು ಒಡವೆ ಮಾರಿ, ಗೊತ್ತಿಲ್ಲದ ಭಾಷೆಯ ನಾಡಿನಲ್ಲಿ ಇಳಿದವರು. ಕಫಾಲಾ ಪದ್ಧತಿಯಡಿ ಎಷ್ಟೋ ಜನರ ಪಾಸ್‌ಪೋರ್ಟು ಮಾಲೀಕರ ಕಪಾಟಿನಲ್ಲಿತ್ತು. ಸೌದಿಯಲ್ಲಿ 2021ರ ಸುಧಾರಣೆಯವರೆಗೆ ಊರಿಗೆ ಮರಳಲೂ ಮಾಲೀಕನ ಒಪ್ಪಿಗೆ ಬೇಕಿತ್ತು. ಒಂದು ಕಾಲದಲ್ಲಿ ಅವರು ತಮ್ಮ ದನಿಯನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಮನೆಗೆ ಕಳಿಸುತ್ತಿದ್ದರು. ಆ ಕ್ಯಾಸೆಟ್ಟುಗಳೇ ನಮ್ಮ ಸಮುದಾಯದ ಬರೆಯದ ಪ್ರವಾಸ ಸಾಹಿತ್ಯ. ಗಾಡಿಯ ಸವಾರ ಮರಳಿದಾಗ ಹಾರ, ಇವನು ಮರಳಿದಾಗ ಏನು ತಂದೆ ಎಂಬ ಪ್ರಶ್ನೆ. ಒಬ್ಬನದು ಸಾಹಸ, ಇನ್ನೊಬ್ಬನದು ಬರೀ ಹೊಟ್ಟೆಪಾಡು ಎಂದು ಸಾಹಿತ್ಯ ವಿಂಗಡಿಸಿಬಿಟ್ಟರೆ ಅದು ಸಿರಿವಂತರ ಪಕ್ಷ ವಹಿಸಿದಂತೆ.

ಉರ್ದುವಿನಲ್ಲಿ ಸಫರ್‌ನಾಮಾ ಆರಂಭವಾದದ್ದೇ ಇಂಥ ನೌಕರನೊಬ್ಬನಿಂದ. ಹೈದರಾಬಾದಿನ ಯೂಸುಫ್ ಖಾನ್ ಕಂಬಲ್‌ಪೋಶ್ 1828ರಲ್ಲಿ ಊರು ಬಿಟ್ಟು, ಲಖನೌದಲ್ಲಿ ಚಾಕರಿ ಮಾಡಿ, 1837ರಲ್ಲಿ ಇಂಗ್ಲೆಂಡಿಗೆ ಹೋದ. 1847ರಲ್ಲಿ ಅವನ ಪುಸ್ತಕ ಅಚ್ಚಾಯಿತು. ಹೆಸರಿನಲ್ಲೇ ಕಂಬಳಿ ಹೊದ್ದವನು. ಕನ್ನಡದಲ್ಲಿ ಕಾರಂತರ 'ಅಪೂರ್ವ ಪಶ್ಚಿಮ', ಗೊರೂರರ 'ಅಮೆರಿಕಾದಲ್ಲಿ ಗೊರೂರು', ನೇಮಿಚಂದ್ರರ 'ಪೆರುವಿನ ಪವಿತ್ರ ಕಣಿವೆಯಲ್ಲಿ', ರಹಮತ್ ತರೀಕೆರೆಯವರ 'ಅಂಡಮಾನ್ ಕನಸು' ಮುಂತಾದ ಬರಹಗಳು ನೋಡುವ ಕಣ್ಣಿಗೂ ನೋಡಲ್ಪಟ್ಟ ಜನಕ್ಕೂ ಸಮಾನ ಜಾಗ ಕೊಟ್ಟವು. ಈಚೆಗೆ ಡಾಕ್ಟರ್ ಬ್ರೋ ಎಂದೇ ಹೆಸರಾದ ಗಗನ್ ಪಾಕಿಸ್ತಾನ, ಅಫ್ಘಾನಿಸ್ತಾನಗಳ ಬೀದಿಗಳನ್ನು ಹಳ್ಳಿಯ ಕನ್ನಡದಲ್ಲಿ ತೋರಿಸಿದಾಗ ಲಕ್ಷಾಂತರ ಮನೆಗಳಲ್ಲಿ ಜನ ಆ ದೇಶಗಳ ಸಾಮಾನ್ಯರ ಮುಖವನ್ನು ಕಂಡರು. ಬಂದೂಕಿನ ಚಿತ್ರವನ್ನಷ್ಟೇ ನೋಡಿ ಬಲ್ಲವರಿಗೆ ರೊಟ್ಟಿ ಸುಡುವವನ ಚಿತ್ರ ಸಿಕ್ಕಿತು. ಪಯಣದ ಕಥನಕ್ಕೆ ಈ ಶಕ್ತಿ ಇದೆ ಎಂಬ ಕಾರಣಕ್ಕೇ ಅದು ಕಿಲೋಮೀಟರಿನಲ್ಲಿ ಪೋಲಾಗುವುದು ನಮಗೆ ನೋವಿನ ಸಂಗತಿ.

ಆದ್ದರಿಂದ ಮುಂದೆ ಗಾಡಿ ಹತ್ತುವ ತರುಣ ತರುಣಿಯರಲ್ಲಿ ನಮ್ಮ ಬಿನ್ನಹ ಇಷ್ಟೇ. ಹೋಗಿ ಬನ್ನಿ. ದೂರದ ಲೆಕ್ಕವನ್ನು ಮೀಟರು ಇಟ್ಟುಕೊಳ್ಳುತ್ತದೆ, ನೀವು ಋಣದ ಲೆಕ್ಕ ಇಟ್ಟುಕೊಳ್ಳಿ. ನೀರು ಯಾವ ಭಾಷೆಯಲ್ಲಿ ಕೇಳಿದಿರಿ, ಯಾರು ಕೊಟ್ಟರು, ಗಡಿಯಲ್ಲಿ ನಿಮ್ಮನ್ನು ಬೇಗ ಬಿಟ್ಟು ನಿಮ್ಮ ಹಿಂದಿನವನನ್ನು ಯಾಕೆ ನಿಲ್ಲಿಸಿದರು, ಠೇವಣಿಗೆ ಹಣ ಎಲ್ಲಿಂದ ಬಂತು, ಪಂಕ್ಚರ್ ತೆಗೆದವನ ಹೆಸರೇನು ಎಂಬುದನ್ನೆಲ್ಲ ಬರೆಯಿರಿ. ಅದನ್ನು ಅಚ್ಚು ಮಾಡುವ ಸಂಪಾದಕರೂ ಒಂದು ಕೆಲಸ ಮಾಡಬಹುದು. 'ಒಬ್ಬಂಟಿಯಾಗಿ' ಎಂಬ ಪದ ಕಂಡಲ್ಲೆಲ್ಲ ಕೆಂಪು ಗೆರೆ ಎಳೆದು, ಯಾರ ಯಾರ ಜೊತೆ ಎಂದು ಪಕ್ಕದಲ್ಲಿ ಕೇಳಬಹುದು.